ವಿಕಲಚೇತನ ನೌಕರರ ಸೇವಾ ರಕ್ಷಣೆ ಮತ್ತು ಮೇಲಧಿಕಾರಿಗಳ ಹೊಣೆ: ಅಳ್ನಾವರ ತಾಲ್ಲೂಕಿನ ನೌಕರರಿಗೆ ಮಾಹಿತಿ

ಪೀಠಿಕೆ

ಧಾರವಾಡ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಅಳ್ನಾವರವು 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿದೆ. ದಾಂಡೇಲಿಯ ಕಡೆಗೆ ಕವಲು ಮಾರ್ಗ ಹೊರಡುವ ರೈಲ್ವೆ ಜಂಕ್ಷನ್ ಇಲ್ಲಿದೆ. ರೈಲ್ವೆ, ಪಟ್ಟಣ ಪಂಚಾಯಿತಿ, ಕಂದಾಯ ಮತ್ತು ಅರಣ್ಯ ಇಲಾಖೆ, ವಿದ್ಯುತ್ ಸರಬರಾಜು ಕಂಪನಿ, ಸಾರಿಗೆ ಸಂಸ್ಥೆ, ಶಾಲೆಗಳು ಹಾಗೂ ಖಾಸಗಿ ಅಂಗಡಿ, ಕಾರ್ಖಾನೆಗಳಲ್ಲಿ ಈ ಭಾಗದ ಜನರು ದುಡಿಯುತ್ತಿದ್ದಾರೆ. ಇವುಗಳಲ್ಲಿ ಹಲವು ಕೆಲಸಗಳು ಅಪಾಯದಿಂದ ಕೂಡಿದವು. ಕಂಬ ಏರುವವರು, ಹಳಿ ನೋಡಿಕೊಳ್ಳುವವರು, ವಾಹನ ಚಲಾಯಿಸುವವರು ಅಪಘಾತದಿಂದಲೋ ಕಾಯಿಲೆಯಿಂದಲೋ ಸೇವೆಯ ನಡುವೆಯೇ ಅಂಗವೈಕಲ್ಯಕ್ಕೆ ಒಳಗಾಗುವುದುಂಟು.

ಅಂತಹ ನೌಕರರಿಗೆ ಮೇಲಧಿಕಾರಿಗಳಿಂದ "ಇನ್ನು ನಿನ್ನಿಂದ ಕೆಲಸ ಆಗುವುದಿಲ್ಲ, ಅರ್ಜಿ ಬರೆದುಕೊಟ್ಟು ಮನೆಗೆ ಹೋಗು" ಎಂಬ ಮಾತು ಬಂದಾಗ, ಅದನ್ನೇ ಕಾನೂನೆಂದು ನಂಬಿ ಸಹಿ ಮಾಡಿದವರು ಕೆಲಸವನ್ನೂ ಸೌಲಭ್ಯಗಳನ್ನೂ ಕಳೆದುಕೊಳ್ಳುತ್ತಾರೆ. ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ. ಸೇವೆಯಲ್ಲಿರುವಾಗ ಬಂದ ಅಂಗವೈಕಲ್ಯವು ಸರ್ಕಾರಿ ನೌಕರಿಯನ್ನು ಕೊನೆಗೊಳಿಸುವ ಕಾರಣವಲ್ಲ. ಈ ಸಂಗತಿಯನ್ನು ನೌಕರನಿಗೆ ತಿಳಿಸುವುದು ಮೇಲಧಿಕಾರಿಯ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ.

ಕಾನೂನಿನ ಹಿನ್ನೆಲೆ

ಅಂಗವಿಕಲ ವ್ಯಕ್ತಿಗಳ ಅಧಿನಿಯಮ, 1995 ದಿನಾಂಕ 7-2-1996ರಂದು ಜಾರಿಗೆ ಬಂದಿತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ತರುವಾಯ ಹಳೆಯ ಕಾಯ್ದೆಯ ಬದಲಿಗೆ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ರಚನೆಯಾಗಿ ದಿನಾಂಕ 19-4-2017ರಿಂದ ಜಾರಿಯಲ್ಲಿದೆ. ಇದರಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಲಾಗಿದ್ದು, ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯನ್ನು ಕಲ್ಪಿಸಲಾಗಿದೆ.

ಮೀಸಲಾತಿ ಪಡೆಯಲು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರಬೇಕು. ಆದರೆ ಕೆಳಗೆ ವಿವರಿಸಿರುವ ಸೇವಾ ರಕ್ಷಣೆಗೆ ಹಾಗೂ ಅವಮಾನದ ವಿರುದ್ಧದ ರಕ್ಷಣೆಗೆ ಕಾಯ್ದೆಯು ಈ ಶೇಕಡಾವಾರು ಮಿತಿಯನ್ನು ವಿಧಿಸಿಲ್ಲ. "ನಿನಗೆ ಶೇ. 40 ಇಲ್ಲ, ಆದ್ದರಿಂದ ಯಾವ ಹಕ್ಕೂ ಇಲ್ಲ" ಎಂಬ ಉತ್ತರ ಸರಿಯಾದುದಲ್ಲ.

ಕಲಂ 20: ಉದ್ಯೋಗದಲ್ಲಿ ತಾರತಮ್ಯ ನಿಷೇಧ

ಸರ್ಕಾರಿ ಇಲಾಖೆಗಳಿಗೆ ಮಾತ್ರವಲ್ಲದೆ ನಿಗಮಗಳು, ಸರ್ಕಾರಿ ಕಂಪನಿಗಳು, ಸ್ಥಳೀಯ ಸಂಸ್ಥೆಗಳು ಹಾಗೂ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೂ ಈ ಕಲಂ ಅನ್ವಯಿಸುತ್ತದೆ. ಇದರ ಮುಖ್ಯ ಅಂಶಗಳು ಈ ಕೆಳಗಿನಂತಿವೆ:

1. ಸೇವೆಯ ಅವಧಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸೇವೆಯಿಂದ ತೆಗೆಯುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ.

2. ಹಿಂದಿನ ಹುದ್ದೆಯ ಕೆಲಸ ಮಾಡಲು ಸಾಧ್ಯವಾಗದಿದ್ದಲ್ಲಿ, ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳೊಂದಿಗೆ ಬೇರೊಂದು ಹುದ್ದೆಗೆ ಬದಲಾಯಿಸಬೇಕು.

3. ಸೂಕ್ತ ಹುದ್ದೆ ಖಾಲಿ ಇಲ್ಲದಿದ್ದಲ್ಲಿ, ಅಂತಹ ಹುದ್ದೆ ದೊರೆಯುವವರೆಗೆ ಅಥವಾ ವಯೋನಿವೃತ್ತಿಯವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. "ಹುದ್ದೆ ಖಾಲಿ ಇಲ್ಲ" ಎಂಬುದು ಕೈಬಿಡಲು ಕಾರಣವಾಗುವುದಿಲ್ಲ.

4. ಕೇವಲ ಅಂಗವೈಕಲ್ಯದ ಕಾರಣಕ್ಕೆ ಬಡ್ತಿಯನ್ನು ನಿರಾಕರಿಸುವಂತಿಲ್ಲ.

5. ನೌಕರರ ಅಗತ್ಯಕ್ಕೆ ತಕ್ಕಂತೆ ಯುಕ್ತ ಅನುಕೂಲತೆಗಳನ್ನು ಹಾಗೂ ಅಡೆತಡೆಯಿಲ್ಲದ ವಾತಾವರಣವನ್ನು ಕಲ್ಪಿಸಬೇಕು. ಮೇಲಂತಸ್ತಿನ ಶಾಖೆಯಿಂದ ನೆಲಮಹಡಿಗೆ ಸ್ಥಳ ಬದಲಾವಣೆ, ಇಳಿಜಾರು, ಕಂಪ್ಯೂಟರಿನಲ್ಲಿ ತೆರೆ ಓದುವ ತಂತ್ರಾಂಶ, ಸಭೆಯ ಸೂಚನೆಗಳನ್ನು ಬರವಣಿಗೆಯಲ್ಲಿ ನೀಡುವುದು ಇದಕ್ಕೆ ಉದಾಹರಣೆಗಳು. ಸಂಸ್ಥೆಗೆ ವಿಪರೀತ ಹೊರೆಯಾಗದ ಇಂತಹ ಅನುಕೂಲತೆಯನ್ನು ನಿರಾಕರಿಸುವುದನ್ನು ಕಾಯ್ದೆಯು ತಾರತಮ್ಯವೆಂದೇ ಪರಿಗಣಿಸುತ್ತದೆ.

ಕೆಲಸದ ಸ್ವರೂಪವನ್ನು ಅನುಸರಿಸಿ ಸರ್ಕಾರವು ಕೆಲವು ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದಾಗಿದೆ. 2021ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಹೋರಾಟದ ಹುದ್ದೆಗಳಿಗೆ ಇಂತಹ ವಿನಾಯಿತಿ ನೀಡಲಾಗಿದೆ.

ನ್ಯಾಯಾಲಯದ ತೀರ್ಪುಗಳು

ಭಗವಾನ್ ದಾಸ್ ವಿರುದ್ಧ ಪಂಜಾಬ್ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ (2008): ಸಹಾಯಕ ಲೈನ್‌ಮನ್ ಒಬ್ಬರು 1994ರಲ್ಲಿ ಸೇವೆಯಲ್ಲಿರುವಾಗಲೇ ಸಂಪೂರ್ಣ ದೃಷ್ಟಿ ಕಳೆದುಕೊಂಡರು. ಗೈರುಹಾಜರಿಯ ಬಗ್ಗೆ ವಿವರಣೆ ಕೇಳಿದಾಗ, ತಮಗೆ ಕಣ್ಣು ಕಾಣದಾದುದನ್ನು ತಿಳಿಸಿ, ತಮ್ಮನ್ನು ನಿವೃತ್ತಿಗೊಳಿಸಿ ಹೆಂಡತಿಗೆ ಕೆಲಸ ಕೊಡಬೇಕೆಂದು 1996ರಲ್ಲಿ ಪತ್ರ ಬರೆದರು. ಅಷ್ಟರಲ್ಲಿ 1995ರ ಕಾಯ್ದೆ ಜಾರಿಗೆ ಬಂದಿತ್ತು. ಅಧಿಕಾರಿಗಳು ಆ ಪತ್ರವನ್ನೇ ಸ್ವಇಚ್ಛಾ ನಿವೃತ್ತಿಯ ಕೋರಿಕೆಯೆಂದು ಪರಿಗಣಿಸಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ದಿನಾಂಕ 4-1-2008ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕ್ರಮವನ್ನು ತಳ್ಳಿಹಾಕಿತು. ತನ್ನ ಹಕ್ಕಿನ ಅರಿವಿಲ್ಲದ, ಕಷ್ಟಕ್ಕೆ ಸಿಲುಕಿದ ನೌಕರನಿಗೆ ಕಾನೂನಿನ ಸ್ಥಿತಿಯನ್ನು ವಿವರಿಸುವುದು ಅಧಿಕಾರಿಗಳ ಕರ್ತವ್ಯವಾಗಿತ್ತು. ಬದಲಾಗಿ ಅವರು ಅವಸರದಿಂದ ಆತನನ್ನು ಹೊರಹಾಕಿದರು ಎಂದು ಆಕ್ಷೇಪಿಸಿತು. ವಾರ್ಷಿಕ ಬಡ್ತಿಗಳೂ ಸೇರಿದಂತೆ ನಿವೃತ್ತಿಯ ದಿನಾಂಕದವರೆಗಿನ ಸೇವಾ ಸೌಲಭ್ಯಗಳನ್ನು ನೀಡಲು ಆದೇಶಿಸಿತು. ಒಂದು ಪತ್ರದಿಂದ ಕಳೆದುಹೋದ ಹಕ್ಕನ್ನು ಮರಳಿ ಪಡೆಯಲು ಆ ಕುಟುಂಬಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ (2020): ನಮ್ಮ ರಾಜ್ಯದಿಂದಲೇ ಹೋದ ಈ ಪ್ರಕರಣದಲ್ಲಿ, ವಿಕಲಚೇತನ ನೌಕರರಿಗೆ ಬಡ್ತಿಯಲ್ಲಿಯೂ ಮೀಸಲಾತಿ ದೊರೆಯಬೇಕೆಂಬ ಹಿಂದಿನ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ದಿನಾಂಕ 14-1-2020ರಂದು ಎತ್ತಿಹಿಡಿಯಿತು.

ರವೀಂದರ್ ಕುಮಾರ್ ಧಾರಿವಾಲ್ ವಿರುದ್ಧ ಭಾರತ ಒಕ್ಕೂಟ (2021): ಮಾನಸಿಕ ಅಂಗವೈಕಲ್ಯವುಳ್ಳ ನೌಕರರ ನಡವಳಿಕೆಯನ್ನೇ ದುರ್ನಡತೆಯೆಂದು ಪರಿಗಣಿಸಿ ಶಿಸ್ತುಕ್ರಮ ಆರಂಭಿಸುವುದು ಪರೋಕ್ಷ ತಾರತಮ್ಯವಾಗುತ್ತದೆ ಎಂದು ನ್ಯಾಯಾಲಯವು ತೀರ್ಮಾನಿಸಿದೆ.

ಅವಮಾನ ಮತ್ತು ದೌರ್ಜನ್ಯಕ್ಕೆ ಶಿಕ್ಷೆ (ಕಲಂ 92)

ಈ ಕೆಳಗಿನ ಕೃತ್ಯಗಳಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಹಾಗೂ ದಂಡವನ್ನು ವಿಧಿಸಲಾಗುತ್ತದೆ:

- ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಅವಮಾನಿಸುವ ಉದ್ದೇಶದಿಂದ ವಿಕಲಚೇತನರನ್ನು ನಿಂದಿಸುವುದು ಅಥವಾ ಬೆದರಿಸುವುದು;
- ಅವರ ಅಂಗ, ಇಂದ್ರಿಯ ಅಥವಾ ಸಾಧನ ಸಲಕರಣೆಗೆ ಹಾನಿ ಮಾಡುವುದು, ಅದರ ಬಳಕೆಗೆ ಅಡ್ಡಿಪಡಿಸುವುದು (ಊರುಗೋಲು ಕಿತ್ತಿಡುವುದು, ಶ್ರವಣ ಸಾಧನ ಕಸಿಯುವುದು ಇತ್ಯಾದಿ);
- ವಿಕಲಚೇತನ ಮಹಿಳೆಯ ಮಾನಕ್ಕೆ ಕುಂದುಂಟುಮಾಡುವ ಉದ್ದೇಶದಿಂದ ಹಲ್ಲೆ ಅಥವಾ ಬಲಪ್ರಯೋಗ ಮಾಡುವುದು;
- ವಿಕಲಚೇತನ ಮಹಿಳೆಯ ಇಚ್ಛೆಯ ಮೇಲೆ ಪ್ರಾಬಲ್ಯ ಸಾಧಿಸಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನವನ್ನು ಲೈಂಗಿಕ ಶೋಷಣೆಗೆ ಬಳಸುವುದು.

ಕಾಯ್ದೆಯ ಇತರ ಉಪಬಂಧಗಳ ಉಲ್ಲಂಘನೆಗೆ ಮೊದಲ ಬಾರಿ ರೂ. 10,000ವರೆಗೆ, ನಂತರದ ಪ್ರತಿ ಉಲ್ಲಂಘನೆಗೆ ರೂ. 50,000ದಿಂದ ರೂ. 5 ಲಕ್ಷದವರೆಗೆ ದಂಡವಿದೆ (ಕಲಂ 89). ಆರೋಪಿಯು ಸರ್ಕಾರಿ ನೌಕರನಾಗಿದ್ದಲ್ಲಿ, ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಅಥವಾ ಸರ್ಕಾರವು ಅಧಿಕಾರ ನೀಡಿದ ಅಧಿಕಾರಿಯ ದೂರು ಅಗತ್ಯವಾಗಿರುತ್ತದೆ (ಕಲಂ 94). ಈ ಕಾರಣದಿಂದ ಪೊಲೀಸ್ ದೂರಿನ ಜೊತೆಗೆ ಇಲಾಖಾ ದೂರನ್ನೂ ಆಯುಕ್ತರಿಗೆ ದೂರನ್ನೂ ಸಲ್ಲಿಸುವುದು ಸೂಕ್ತ.

ದೂರು ಸಲ್ಲಿಸುವ ಕ್ರಮ

ಮೊದಲ ಹಂತ: ಪ್ರತಿ ಸರ್ಕಾರಿ ಸಂಸ್ಥೆಯಲ್ಲಿಯೂ ಕುಂದುಕೊರತೆ ನಿವಾರಣಾಧಿಕಾರಿಯನ್ನು ನೇಮಿಸಿರಬೇಕು (ಕಲಂ 23). ದೂರನ್ನು ಅವರಿಗೆ ಲಿಖಿತವಾಗಿ ನೀಡಬೇಕು. ಅವರು ಅದನ್ನು ವಹಿಯಲ್ಲಿ ನೋಂದಾಯಿಸಿ, ನೋಂದಾಯಿಸಿದ ಎರಡು ವಾರಗಳೊಳಗೆ ವಿಚಾರಣೆ ನಡೆಸಬೇಕು.

ಎರಡನೇ ಹಂತ: ಕ್ರಮ ತೃಪ್ತಿಕರವಾಗಿಲ್ಲದಿದ್ದಲ್ಲಿ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗಬಹುದು. ಇದಕ್ಕಾಗಿ ಧಾರವಾಡದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.

ಮೂರನೇ ಹಂತ: ಯಾವ ಆಯುಕ್ತರಿಗೆ ದೂರು ಸಲ್ಲಿಸಬೇಕೆಂಬುದು ಉದ್ಯೋಗದಾತರು ಯಾರು ಎಂಬುದನ್ನು ಅವಲಂಬಿಸಿದೆ. ಒಂದೇ ರಸ್ತೆಯ ಎರಡು ಕಚೇರಿಗಳಿಗೆ ಬೇರೆ ಬೇರೆ ಆಯುಕ್ತರಿರುವುದನ್ನು ಗಮನಿಸಬೇಕು.

- ರೈಲ್ವೆ, ಅಂಚೆ, ರಾಷ್ಟ್ರೀಕೃತ ಬ್ಯಾಂಕ್ ನೌಕರರು: ವಿಕಲಚೇತನರ ಮುಖ್ಯ ಆಯುಕ್ತರು, ನವದೆಹಲಿ.
- ತಾಲ್ಲೂಕು ಕಚೇರಿ, ಪಟ್ಟಣ ಹಾಗೂ ಗ್ರಾಮ ಪಂಚಾಯಿತಿ, ಹೆಸ್ಕಾಂ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನೌಕರರು: ವಿಕಲಚೇತನರ ರಾಜ್ಯ ಆಯುಕ್ತರು, ಬೆಂಗಳೂರು.
- ಖಾಸಗಿ ಸಂಸ್ಥೆಗಳ ನೌಕರರು: ಮೊದಲು ಸಂಸ್ಥೆಯ ಮುಖ್ಯಸ್ಥರು, ನಂತರ ರಾಜ್ಯ ಆಯುಕ್ತರು. ಕಲಂ 20ರ ಹುದ್ದೆ ರಕ್ಷಣೆ ಇವರಿಗೆ ನೇರವಾಗಿ ಅನ್ವಯಿಸದಿದ್ದರೂ, ತಾರತಮ್ಯ ನಿಷೇಧ (ಕಲಂ 3), ಸಮಾನ ಅವಕಾಶ ನೀತಿ (ಕಲಂ 21) ಹಾಗೂ ಕಲಂ 92ರ ರಕ್ಷಣೆ ಇದ್ದೇ ಇದೆ.

ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕ್ರಮ ಕೈಗೊಂಡು ಸಂಬಂಧಪಟ್ಟ ಪ್ರಾಧಿಕಾರವು ಮೂರು ತಿಂಗಳೊಳಗೆ ವರದಿ ನೀಡಬೇಕು. ಶಿಫಾರಸನ್ನು ಒಪ್ಪದಿದ್ದಲ್ಲಿ ಅದರ ಕಾರಣವನ್ನು ಅದೇ ಅವಧಿಯೊಳಗೆ ಆಯುಕ್ತರಿಗೂ ನೊಂದ ವ್ಯಕ್ತಿಗೂ ತಿಳಿಸಬೇಕು.

ನಾಲ್ಕನೇ ಹಂತ: ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು ಆಯಾ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದ ಕಾಲಮಿತಿ ಇರುತ್ತದೆ. 2013ರಿಂದ ಉಚ್ಚ ನ್ಯಾಯಾಲಯದ ಕಾಯಂ ಪೀಠವು ಧಾರವಾಡದಲ್ಲಿಯೇ ಇರುವುದರಿಂದ ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ.

ನೌಕರರು ಗಮನಿಸಬೇಕಾದ ಅಂಶಗಳು

1. ಓದಿ ನೋಡದೆ, ಅಥವಾ ಓದಿಸಿ ಕೇಳದೆ ಯಾವುದೇ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ರಾಜೀನಾಮೆ ಅಥವಾ ಸ್ವಇಚ್ಛಾ ನಿವೃತ್ತಿ ಪತ್ರವನ್ನು ಕಾನೂನು ಸಲಹೆ ಪಡೆಯದೆ ನೀಡಬಾರದು.

2. ಬದಲಿ ಹುದ್ದೆಯ ಕೋರಿಕೆಯಲ್ಲಿ "2016ರ ಅಧಿನಿಯಮದ ಕಲಂ 20(4)ರ ಮೇರೆಗೆ" ಎಂದು ಸ್ಪಷ್ಟವಾಗಿ ನಮೂದಿಸಬೇಕು.

3. ಆಸ್ಪತ್ರೆಯಲ್ಲಿರುವಾಗ ರಜೆ ಅರ್ಜಿಯನ್ನು ಕುಟುಂಬದವರ ಮೂಲಕವಾದರೂ ಕಳುಹಿಸಬೇಕು. ಇಲ್ಲದಿದ್ದಲ್ಲಿ ಅನಧಿಕೃತ ಗೈರುಹಾಜರಿಯೆಂದು ದಾಖಲಾಗುವ ಸಂಭವವಿದೆ.

4. ಪ್ರತಿ ಅರ್ಜಿಗೂ ಕಚೇರಿಯ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಸ್ವೀಕರಿಸಲು ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು.

5. ನಿಂದನೆ ನಡೆದಲ್ಲಿ ದಿನಾಂಕ, ಸಮಯ, ಸ್ಥಳ, ಆಡಿದ ಮಾತು ಹಾಗೂ ಅಲ್ಲಿದ್ದವರ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಬೇಕು.

6. ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಸ್ವಾವಲಂಬನ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

7. ಕಚೇರಿಯಲ್ಲಿ ಸಮಾನ ಅವಕಾಶ ನೀತಿ ಇದೆಯೇ, ಕುಂದುಕೊರತೆ ನಿವಾರಣಾಧಿಕಾರಿ ಯಾರು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೇಳಿ ಪಡೆಯಬಹುದು.

ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಪ್ರಕಾರ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ವಕೀಲರ ಶುಲ್ಕ ಭರಿಸುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಅನ್ಯಾಯವನ್ನು ಸಹಿಸಿಕೊಳ್ಳಬೇಕಾಗಿಲ್ಲ. ಅಳ್ನಾವರ ತಾಲ್ಲೂಕಿನವರು ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ, ಯಾವುದೇ ಪತ್ರಕ್ಕೆ ಸಹಿ ಮಾಡುವ ಮುನ್ನವೇ ಸಲಹೆ ಪಡೆಯಬಹುದಾಗಿದೆ.