ಅಮೆರಿಕದ ರೈಫಲ್ ಸಂಘದಲ್ಲಿ ಸದಸ್ಯರ ಬಂಡಾಯ: 1977ರ ಸಿನ್ಸಿನಾಟಿ ಸಭೆಯ ಹಿಂದುಮುಂದು

ಒಂದು ಸಂಘದ ಸದಸ್ಯರು ತಮ್ಮ ಮುಖಂಡರ ಮೇಲೆ ಮುನಿದು ಅವರನ್ನು ಪದವಿಯಿಂದ ಇಳಿಸುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಅಂಥ ಒಂದು ಘಟನೆ ಆ ದೇಶದ ರಾಜಕಾರಣದ ಮೇಲೆಯೇ ಅಚ್ಚಳಿಯದ ಗುರುತನ್ನು ಬಿಟ್ಟಿದೆ. 1977ರ ಮೇ 21ರ ಸಂಜೆ ಒಹಾಯೊ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ ಆರಂಭವಾಗಿ ಮರುದಿನ ಬೆಳಗಿನ ಜಾವದವರೆಗೂ ನಡೆದ, ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಸಂಸ್ಥೆಯ ವಾರ್ಷಿಕ ಸಭೆಯೇ ಆ ಘಟನೆ. ಸೌಮ್ಯವಾದಿಗಳನ್ನು ಉಗ್ರವಾದಿಗಳು ಸೋಲಿಸಿದ ಕಥೆಯೆಂದು ಇದನ್ನು ಹೇಳುವುದು ವಾಡಿಕೆ. ಆ ಮಾತು ಸುಳ್ಳಲ್ಲ, ಅಪೂರ್ಣ. ಸಂಘವು ಯಾವ ದಾರಿ ಹಿಡಿಯಬೇಕು ಎಂಬ ಪ್ರಶ್ನೆಯ ಜೊತೆಗೆ, ಆ ದಾರಿಯನ್ನು ನಿಶ್ಚಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಆ ರಾತ್ರಿ ಸಭೆಯ ಮುಂದಿತ್ತು. ಮೊದಲನೆಯದಕ್ಕೆ ಅಂದು ದೊರೆತ ಉತ್ತರ ಸ್ಥಿರವಾಗಿ ನಿಂತಿತು. ಎರಡನೆಯದಕ್ಕೆ ದೊರೆತ ಉತ್ತರ ಮಾತ್ರ ಕ್ರಮೇಣ ಸವೆದುಹೋಯಿತು. ಈ ಎರಡನೆಯ ಪ್ರಶ್ನೆಯ ಇತಿಹಾಸವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸಂಘವು ಹುಟ್ಟಿದ್ದು 1871ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಸನ್ನದಿನ ಮೇಲೆ. ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರಿಗೆ ಗುರಿಯಿಟ್ಟು ಹೊಡೆಯುವ ಅಭ್ಯಾಸ ಸಾಲದೆ ಹೋಯಿತೆಂಬುದನ್ನು ಕಣ್ಣಾರೆ ಕಂಡಿದ್ದ ವಿಲಿಯಂ ಚರ್ಚ್ ಮತ್ತು ಜಾರ್ಜ್ ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಇದನ್ನು ಸ್ಥಾಪಿಸಿದರು. ಸುಮಾರು ಒಂದು ಶತಮಾನ ಕಾಲ ಗುರಿಯ ಸ್ಪರ್ಧೆ, ಬೇಟೆ, ಬಂದೂಕಿನ ಸುರಕ್ಷಿತ ಬಳಕೆಯ ಶಿಕ್ಷಣ, ಇವೇ ಅದರ ಮುಖ್ಯ ವ್ಯವಹಾರಗಳಾಗಿದ್ದವು. ಶಾಸನಗಳ ವಿಷಯದಲ್ಲಿ ಅದು ಉದಾಸೀನವಾಗಿತ್ತೆಂದಲ್ಲ. 1934ರಲ್ಲಿ ಮೆಷಿನ್ ಗನ್ನುಗಳ ಮೇಲೆ ತೆರಿಗೆಯನ್ನೂ ನೋಂದಣಿಯನ್ನೂ ವಿಧಿಸುವ ಕಾಯಿದೆ ಬಂದಾಗ ಸಂಘದ ಅಧ್ಯಕ್ಷರು ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದಿದ್ದರು. ಆದರೆ ಅವರ ಮಾತಿನ ಧಾಟಿ ಸಂಧಾನದ್ದು. ಸರಕಾರದೊಡನೆ ಕುಳಿತು ಮಾತನಾಡಿ ಮಸೂದೆಯ ಮೊನಚನ್ನು ಕಡಿಮೆ ಮಾಡಿಸುವುದು ಅಂದಿನ ಮುಖಂಡರ ರೀತಿ.

ಈ ರೀತಿಗೆ ಪೆಟ್ಟು ಬಿದ್ದದ್ದು ಅರವತ್ತರ ದಶಕದಲ್ಲಿ. 1963ರಲ್ಲಿ ಅಧ್ಯಕ್ಷ ಕೆನೆಡಿಯನ್ನು ಕೊಂದ ರೈಫಲ್ಲನ್ನು ಹಂತಕನು ಅಂಚೆಯ ಮೂಲಕ ತರಿಸಿಕೊಂಡಿದ್ದನು. ಅದರ ಜಾಹೀರಾತು ಪ್ರಕಟವಾಗಿದ್ದುದು ಈ ಸಂಘದ ಮುಖಪತ್ರಿಕೆಯಾದ ‘ಅಮೆರಿಕನ್ ರೈಫಲ್‌ಮನ್’ನಲ್ಲಿಯೇ. ಅಂಚೆಯ ಮೂಲಕ ಬಂದೂಕು ಮಾರುವುದನ್ನು ತಡೆಯುವ ಮಸೂದೆಗೆ ಸಂಘದ ಕಾರ್ಯಕಾರಿ ಉಪಾಧ್ಯಕ್ಷ ಫ್ರಾಂಕ್ಲಿನ್ ಆರ್ತ್ ಕಾಂಗ್ರೆಸ್ಸಿನ ಮುಂದೆ ಸಮ್ಮತಿ ಸೂಚಿಸಿದರು. ಕಾರ್ಯಕಾರಿ ಉಪಾಧ್ಯಕ್ಷ ಎಂಬ ಹೆಸರು ಓದುಗರನ್ನು ದಾರಿ ತಪ್ಪಿಸಬಾರದು. ಈ ಸಂಘದಲ್ಲಿ ಅಧ್ಯಕ್ಷ ಪದವಿ ಬಹುಮಟ್ಟಿಗೆ ಗೌರವದ್ದು. ಹಣ, ನೌಕರರು, ಪತ್ರಿಕೆ ಎಲ್ಲವೂ ಸಂಬಳ ಪಡೆಯುವ ಕಾರ್ಯಕಾರಿ ಉಪಾಧ್ಯಕ್ಷರ ಕೈಯಲ್ಲಿ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿಯವರ ಕೊಲೆಗಳ ತರುವಾಯ ಬಂದೂಕು ನಿಯಂತ್ರಣ ಶಾಸನ ಅಂಗೀಕೃತವಾದಾಗ, ಇದರೊಡನೆ ಬಾಳಬಹುದು ಎಂಬ ಅರ್ಥದ ಮಾತನ್ನು ಆರ್ತ್ ಆಡಿದರು. ಬಂದೂಕು ಇಟ್ಟುಕೊಳ್ಳುವುದು 1791ರ ಸಂವಿಧಾನ ತಿದ್ದುಪಡಿಯಿಂದ ತಮಗೆ ಬಂದ ಹಕ್ಕೆಂದು ನಂಬಿದ್ದ ಸದಸ್ಯರಿಗೆ ಈ ಮಾತು ವಿಶ್ವಾಸದ್ರೋಹದಂತೆ ಕೇಳಿಸಿತು.

ಅಸಮಾಧಾನವೊಂದರಿಂದಲೇ ಬಂಡಾಯವಾಗುವುದಿಲ್ಲ. ಅದಕ್ಕೆ ಒಬ್ಬ ನಾಯಕ, ಒಂದು ನೆಪ, ಒಂದು ಉಪಾಯ ಬೇಕು. ನಾಯಕನು ಸಂಘದೊಳಗೇ ಇದ್ದನು. ಶಾಸನಗಳ ಮೇಲೆ ಒತ್ತಡ ತರುವುದಕ್ಕಾಗಿ 1975ರಲ್ಲಿ ಒಂದು ಪ್ರತ್ಯೇಕ ವಿಭಾಗವನ್ನು ತೆರೆದು, ಹಿಂದೆ ಗಡಿ ಕಾವಲು ಪಡೆಯ ಮುಖ್ಯಸ್ಥರಾಗಿದ್ದ ಹಾರ್ಲನ್ ಕಾರ್ಟರ್ ಅವರನ್ನು ಅದಕ್ಕೆ ನೇಮಿಸಲಾಗಿತ್ತು. ಯಾವ ನಿಯಂತ್ರಣಕ್ಕೂ ಒಪ್ಪಕೂಡದೆಂಬುದು ಅವರ ಪಕ್ಷ. ನೆಪವನ್ನು ಆಡಳಿತವೇ ಒದಗಿಸಿಕೊಟ್ಟಿತು. ಆರ್ತ್ ಅವರ ತರುವಾಯ ಬಂದ ನಿವೃತ್ತ ಸೇನಾನಿ ಮ್ಯಾಕ್ಸ್‌ವೆಲ್ ರಿಚ್, ಪ್ರಧಾನ ಕಚೇರಿಯನ್ನು ವಾಷಿಂಗ್ಟನ್ನಿನಿಂದ ದೂರದ ಕೊಲರಾಡೊ ಸ್ಪ್ರಿಂಗ್ಸಿಗೆ ಸಾಗಿಸಿ, ಸಂಘವನ್ನು ಬೇಟೆ, ವನವಿಹಾರ, ಪ್ರಕೃತಿ ಸಂರಕ್ಷಣೆಗಳ ಕಡೆಗೆ ತಿರುಗಿಸಬೇಕೆಂದು ಯೋಜಿಸಿದ್ದರು. 1976ರ ನವೆಂಬರಿನಲ್ಲಿ ಒಂದು ವಾರಾಂತ್ಯ ಎಪ್ಪತ್ತಕ್ಕೂ ಹೆಚ್ಚು ನೌಕರರನ್ನು ಒಮ್ಮೆಗೇ ಕೆಲಸದಿಂದ ತೆಗೆಯಲಾಯಿತು. ಕಾರ್ಟರ್ ಪ್ರತಿಭಟಿಸಿ ಹೊರನಡೆದರು. ರಾಜಧಾನಿಯನ್ನು ಬಿಟ್ಟು ಹೋಗುವುದೆಂದರೆ ರಣರಂಗವನ್ನೇ ಬಿಟ್ಟು ಹೋದಂತೆ ಎಂದು ಕಾರ್ಟರ್ ಪಕ್ಷದವರು ತಿಳಿದರು. ಇಂದು ದೂರದಿಂದ ನೋಡುವವರಿಗೆ ರಿಚ್ ಅವರ ಯೋಜನೆ ಅವಿವೇಕದ್ದೆಂದು ತೋರಬೇಕಾಗಿಲ್ಲ. ಆದರೆ ಅದನ್ನು ಸದಸ್ಯರ ಮುಂದಿಟ್ಟು ಅವರನ್ನು ಒಪ್ಪಿಸುವ ಶ್ರಮವನ್ನು ಆಡಳಿತ ತೆಗೆದುಕೊಳ್ಳಲಿಲ್ಲ. ಅದರ ದೊಡ್ಡ ತಪ್ಪು ಇದೆಂದು ನನಗೆ ತೋರುತ್ತದೆ.

ಇನ್ನು ಉಪಾಯ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಾರಣ, ಈ ಬಂಡಾಯದ ಗೆಲುವಿನ ಗುಟ್ಟು ಘೋಷಣೆಗಳಲ್ಲಿ ಇರಲಿಲ್ಲ, ಸಂಘದ ನಿಬಂಧನೆಗಳ ಪುಸ್ತಕದಲ್ಲಿ ಇತ್ತು. ನ್ಯೂಯಾರ್ಕಿನ ಕಾನೂನಿಗೆ ಒಳಪಟ್ಟ ಸದಸ್ಯ ಸಂಸ್ಥೆಯಾದುದರಿಂದ, ವಾರ್ಷಿಕ ಸಭೆಗೆ ಬಂದ ಮತದಾರ ಸದಸ್ಯರು ಅಲ್ಲಿಯೇ ನಿಬಂಧನೆಗಳನ್ನು ತಿದ್ದಬಹುದಾಗಿತ್ತು. ಈ ಮತದಾರರಲ್ಲಿ ಹೆಚ್ಚಿನವರು ಆಜೀವ ಸದಸ್ಯರು. ಸಂಘದ ಸದಸ್ಯರು ಅಂದು ಸುಮಾರು ಹತ್ತು ಲಕ್ಷ. ಅದರ ಭವಿಷ್ಯವನ್ನು ಬದಲಿಸಲು ಒಂದು ಸಭಾಂಗಣ ತುಂಬುವಷ್ಟು ಜನ ಸಾಕು. ಈ ಸೂಕ್ಷ್ಮವನ್ನು ಗ್ರಹಿಸಿದವರು ಬಂದೂಕು ಪತ್ರಿಕೆಗಳ ಸಂಪಾದಕರು. ಅವರಲ್ಲಿ ನೀಲ್ ನಾಕ್ಸ್ ಪ್ರಮುಖರು. ತಮ್ಮ ಗುಂಪಿಗೆ ‘ಫೆಡರೇಷನ್ ಫಾರ್ ಎನ್.ಆರ್.ಎ.’ ಎಂದು ಹೆಸರಿಟ್ಟುಕೊಂಡು ಅವರು ಸಿನ್ಸಿನಾಟಿಗೆ ಸಿದ್ಧರಾಗಿ ಬಂದರು.

ಅಂದು ಸಾವಿರಕ್ಕೂ ಮಿಕ್ಕಿ ಸದಸ್ಯರು ನೆರೆದಿದ್ದರು. ಬಂಡಾಯಗಾರರ ಕಡೆಯ ಮೇಸ್ತ್ರಿಗಳು ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಟೋಪಿ ಧರಿಸಿ, ಕೈಯಲ್ಲಿ ವಾಕಿ-ಟಾಕಿ ಹಿಡಿದು, ಯಾವ ಠರಾವು ಯಾವಾಗ ಬರಬೇಕು, ಯಾರು ಅನುಮೋದಿಸಬೇಕು ಎಂಬುದನ್ನು ಸಭಾಂಗಣದ ಮೂಲೆಮೂಲೆಗಳಿಂದ ನಡೆಸಿದರು. ಸಭಾನಡವಳಿಕೆಯ ನಿಯಮಗಳನ್ನು ವೇದಿಕೆಯ ಮೇಲಿದ್ದವರಿಗಿಂತ ಚೆನ್ನಾಗಿ ಓದಿಕೊಂಡು ಬಂದಿದ್ದವರು ಕೆಳಗೆ ಕುಳಿತಿದ್ದರು. ಜನರನ್ನು ಬೆವರಿಳಿಸಿ ಮನೆಗೆ ಕಳುಹಿಸಲೆಂದು ಆಡಳಿತದವರು ತಂಪುಯಂತ್ರಗಳನ್ನು ನಿಲ್ಲಿಸಿದರೆಂಬ ಕಥೆಯೊಂದುಂಟು. ಇದು ಗೆದ್ದವರು ಹೇಳಿದ ಕಥೆ. ಈ ರಾತ್ರಿಯ ವೃತ್ತಾಂತಗಳಲ್ಲಿ ಬಹುಪಾಲು ಅವರ ಕಡೆಯಿಂದಲೇ ಬಂದಿರುವುದರಿಂದ, ಅಧ್ಯಾಪಕರು ಇಂಥ ವಿವರಗಳನ್ನು ತರಗತಿಯಲ್ಲಿ ಹೇಳುವಾಗ ಎಚ್ಚರವಹಿಸುವುದು ಒಳ್ಳೆಯದು. ಇರಲಿ. ಬೆಳಗಿನ ಜಾವ ಸಭೆ ಮುಗಿಯುವ ಹೊತ್ತಿಗೆ ಹಳೆಯ ಆಡಳಿತ ಉರುಳಿತ್ತು. ಕಾರ್ಟರ್ ಕಾರ್ಯಕಾರಿ ಉಪಾಧ್ಯಕ್ಷರಾದರು. ಕಚೇರಿಯ ಸ್ಥಳಾಂತರ ನಿಂತಿತು. ಎಲ್ಲಕ್ಕೂ ಮಿಗಿಲಾಗಿ, ಇನ್ನು ಮುಂದೆ ಕಾರ್ಯಕಾರಿ ಉಪಾಧ್ಯಕ್ಷರನ್ನು ನಿರ್ದೇಶಕ ಮಂಡಳಿಯಲ್ಲ, ವಾರ್ಷಿಕ ಸಭೆಗೆ ಬಂದ ಸದಸ್ಯರೇ ಆರಿಸತಕ್ಕದ್ದೆಂದು ನಿಬಂಧನೆಯಾಯಿತು.

ಈ ಕೊನೆಯ ನಿಬಂಧನೆಯೇ ಬಂಡಾಯದ ತಿರುಳು. ಅದು ಉಳಿಯಲಿಲ್ಲ. ಕಾರ್ಟರ್ ಅವರ ಆಳ್ವಿಕೆಯಲ್ಲಿ ಸದಸ್ಯರ ಸಂಖ್ಯೆ ಇಮ್ಮಡಿಗೂ ಮೀರಿ ಬೆಳೆಯಿತು. 1980ರಲ್ಲಿ ಸಂಘವು ಮೊದಲ ಬಾರಿಗೆ ರೇಗನ್ ಅವರ ಪರವಾಗಿ ಅಧ್ಯಕ್ಷ ಚುನಾವಣೆಯಲ್ಲಿ ನಿಂತಿತು. ಗೆಲುವಿನ ದಿನಗಳಲ್ಲಿ ಅಧಿಕಾರದ ಲೆಕ್ಕ ಕೇಳುವವರು ಕಡಿಮೆ. ಕಾಲಕ್ರಮದಲ್ಲಿ ಕಾರ್ಯಕಾರಿ ಉಪಾಧ್ಯಕ್ಷರನ್ನು ಆರಿಸುವ ಹಕ್ಕು ಮತ್ತೆ ಮಂಡಳಿಗೆ ಮರಳಿತು. ಮಂಡಳಿಯಾದರೋ 76 ಜನರಷ್ಟು ದೊಡ್ಡದು. ಅಷ್ಟು ದೊಡ್ಡ ಸಭೆ ಒಬ್ಬ ಸಮರ್ಥ ಅಧಿಕಾರಿಯ ಮೇಲೆ ಹತೋಟಿ ಇಟ್ಟುಕೊಳ್ಳುವುದು ಕಷ್ಟ. ಬಂಡಾಯದ ಶಿಲ್ಪಿಯಾದ ನಾಕ್ಸ್ ಅವರ ಗತಿಯೇ ಇದಕ್ಕೆ ನಿದರ್ಶನ. ಶಾಸನ ವಿಭಾಗದ ಮುಖ್ಯಸ್ಥರಾಗಿದ್ದ ಅವರನ್ನು, ತೀರ ಹಟಮಾರಿಯೆಂಬ ಕಾರಣಕ್ಕೆ, 1982ರಲ್ಲಿ ಕೆಲಸದಿಂದ ತೆಗೆದರು. ತೆಗೆದವರು ಸಿನ್ಸಿನಾಟಿಯಲ್ಲಿ ಅವರೇ ಗೆಲ್ಲಿಸಿದ್ದ ಕಾರ್ಟರ್. 1986ರಲ್ಲಿ ಬಂದೂಕು ಮಾಲೀಕರ ರಕ್ಷಣೆಗೆಂದು ಶಾಸನವೊಂದು ಬಂದಾಗಲೂ, ಅದರಲ್ಲಿ ಹೊಸ ಮೆಷಿನ್ ಗನ್ನುಗಳನ್ನು ಜನಸಾಮಾನ್ಯರಿಗೆ ನಿಷೇಧಿಸುವ ಕಲಮು ಸೇರಿದ್ದುದರಿಂದ, ಸಂಘವು ಮತ್ತೆ ರಾಜಿಮಾಡಿಕೊಂಡಿತೆಂಬ ಹಳೆಯ ದೂರು ಕೇಳಿಬಂತು. ವಾಷಿಂಗ್ಟನ್ನನ್ನು ಬಿಡಬಾರದೆಂದು ಹೊಡೆದಾಡಿದ ಈ ಸಂಘವೇ 1990ರ ದಶಕದಲ್ಲಿ ತನ್ನ ಕಚೇರಿಯನ್ನು ವರ್ಜಿನಿಯದ ಫೇರ್‌ಫ್ಯಾಕ್ಸಿಗೆ ಸಾಗಿಸಿತು, ದೂರ ಹೆಚ್ಚಲ್ಲವೆನ್ನಿ.

1991ರಲ್ಲಿ ವೇಯ್ನ್ ಲಾಪಿಯರ್ ಕಾರ್ಯಕಾರಿ ಉಪಾಧ್ಯಕ್ಷರಾದರು. ಅದೇ ವರ್ಷ ಮಂಡಳಿಗೆ ಮರಳಿದ ನಾಕ್ಸ್ ಕೆಲಕಾಲದಲ್ಲೇ ಅವರಿಗೆ ಎದುರಾಳಿಯಾದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಾಕ್ಸ್ ಅವರ ಆಕ್ಷೇಪಣೆಯ ಸ್ವರೂಪ ಈಗ ಬದಲಾಗಿತ್ತು. ರಾಜಿಯ ದೂರಿನ ಜೊತೆಗೆ ಹಣದ ದೂರೂ ಸೇರಿತ್ತು: ಸಂಘವು ಕೊರತೆಯಲ್ಲಿ ಮುಳುಗಿದೆ, ಪ್ರಚಾರದ ಗುತ್ತಿಗೆದಾರರ ಮೇಲೆ ಹತೋಟಿಯಿಲ್ಲ ಎಂದು. 1997ರಲ್ಲಿ ಸಿಯಾಟಲ್ಲಿನಲ್ಲಿ ಈ ಜಗಳ ತೀರ್ಮಾನವಾಯಿತು. ಪ್ರಥಮ ಉಪಾಧ್ಯಕ್ಷರಾಗಿದ್ದ ನಾಕ್ಸ್ ಅವರ ಎದುರಿಗೆ ಲಾಪಿಯರ್ ಪಕ್ಷದವರು ಪ್ರಖ್ಯಾತ ಚಲಚ್ಚಿತ್ರ ನಟ ಚಾರ್ಲ್ಟನ್ ಹೆಸ್ಟನ್ ಅವರನ್ನು ನಿಲ್ಲಿಸಿದರು. ಮಂಡಳಿಯ ಮತದಾನದಲ್ಲಿ ನಾಕ್ಸ್ ಅಲ್ಪ ಅಂತರದಿಂದ ಸೋತರು. ಹೆಸ್ಟನ್ ಅವರ ಕೀರ್ತಿಯ ಬೆಳಕಿನಲ್ಲಿ ಲೆಕ್ಕದ ಪ್ರಶ್ನೆ ಇಪ್ಪತ್ತು ವರ್ಷ ಮರೆಯಾಯಿತು.

ಅದು ಮತ್ತೆ ಮೇಲೆದ್ದಾಗ ಎರಡು ಬಗೆಯ ಅಸಮಾಧಾನಗಳೂ ಒಟ್ಟುಗೂಡಿದ್ದವು. 2017ರ ಅಕ್ಟೋಬರಿನ ಲಾಸ್ ವೇಗಸ್ ಹತ್ಯಾಕಾಂಡದ ಅನಂತರ, ಬಂದೂಕಿನ ವೇಗವನ್ನು ಹೆಚ್ಚಿಸುವ ‘ಬಂಪ್ ಸ್ಟಾಕ್’ ಎಂಬ ಸಾಧನದ ಮೇಲೆ ಸರಕಾರ ನಿರ್ಬಂಧ ಯೋಚಿಸಲಿ ಎಂದು ಸಂಘವು ಹೇಳಿದ್ದು ಕಟ್ಟಾ ಸದಸ್ಯರನ್ನು ಕೆರಳಿಸಿತು. ಗನ್ ಓನರ್ಸ್ ಆಫ್ ಅಮೆರಿಕ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಆ ನಿಷೇಧದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2019ರ ಏಪ್ರಿಲಿನಲ್ಲಿ ಇಂಡಿಯಾನಾಪೊಲಿಸಿನ ವಾರ್ಷಿಕ ಸಭೆಯ ಹೊತ್ತಿಗೆ, ಅಂದಿನ ಅಧ್ಯಕ್ಷ ಆಲಿವರ್ ನಾರ್ತ್ ಹಣಕಾಸಿನ ಅವ್ಯವಹಾರದ ಮಾತೆತ್ತಿ, ತಮ್ಮನ್ನು ಪುನಃ ಆರಿಸುವುದಿಲ್ಲವೆಂಬುದನ್ನು ಪತ್ರಮುಖೇನ ಸಭೆಗೆ ತಿಳಿಸಿದರು. ಖಾಸಗಿ ವಿಮಾನಗಳು, ದುಬಾರಿ ಉಡುಪುಗಳು, ಬಹಾಮಾಸ್ ಪ್ರವಾಸಗಳು ಪತ್ರಿಕೆಗಳಲ್ಲಿಯೂ ಅನಂತರ ನ್ಯಾಯಾಲಯದಲ್ಲಿಯೂ ಬಯಲಾದವು. ಊರೂರಿನ ಬೇಟೆಗಾರರು ತಮ್ಮ ವಾರ್ಷಿಕ ಚಂದಾದ ಹಣ ಎಲ್ಲಿಗೆ ಹೋಯಿತೆಂಬುದನ್ನು ಓದಿ ತಿಳಿಯಬೇಕಾಯಿತು. ಆದರೂ ಎರಡು ದಿನಗಳ ತರುವಾಯ ಸೇರಿದ ಮಂಡಳಿಯು ಲಾಪಿಯರ್ ಅವರನ್ನೇ ಪುನರಾಯ್ಕೆ ಮಾಡಿತು. ಸಿನ್ಸಿನಾಟಿ ಮರುಕಳಿಸಲಿಲ್ಲ.

ಸದಸ್ಯರ ಕೈಯಿಂದ ಆಗದ ಕೆಲಸವನ್ನು ಮಾಡಲು ಹೊರಟವರು, ಈ ಸಂಘಕ್ಕೆ ರಾಜಕೀಯವಾಗಿ ವಿರೋಧಿಯಾದ ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟೀಷಿಯ ಜೇಮ್ಸ್. ಸಂಘದ ಸನ್ನದು 1871ರಿಂದಲೂ ನ್ಯೂಯಾರ್ಕಿನದಾದ ಕಾರಣ ಅವರಿಗೆ ಆ ಅಧಿಕಾರವಿತ್ತು. 2020ರ ಆಗಸ್ಟಿನಲ್ಲಿ ಅವರು ಸಂಘವನ್ನೇ ವಿಸರ್ಜಿಸಬೇಕೆಂದು ದಾವೆ ಹೂಡಿದರು. ಅಸಂತುಷ್ಟ ಸದಸ್ಯರು ಇದರಿಂದ ಇಕ್ಕಟ್ಟಿಗೆ ಸಿಕ್ಕರು: ಮುಖಂಡರ ತಪ್ಪನ್ನು ಎತ್ತಿ ಹೇಳಿದರೆ ಶತ್ರುವಿಗೆ ಸಹಾಯ, ಹೇಳದಿದ್ದರೆ ಹಣಕ್ಕೆ ರಕ್ಷಣೆಯಿಲ್ಲ. ಮುಖಂಡರು ಈ ಇಕ್ಕಟ್ಟನ್ನು ತಮ್ಮ ಗುರಾಣಿಯಾಗಿ ಬಳಸಿಕೊಂಡರು. 2021ರ ಜನವರಿಯಲ್ಲಿ, ಮಂಡಳಿಯ ಬಹುಪಾಲು ಜನರಿಗೂ ತಿಳಿಯದಂತೆ, ಟೆಕ್ಸಾಸಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಲಾಯಿತು. ಅದು ಸದುದ್ದೇಶದ್ದಲ್ಲವೆಂದು ನ್ಯಾಯಾಲಯವು ಮೇ ತಿಂಗಳಲ್ಲಿ ತಳ್ಳಿಹಾಕಿತು. 2022ರ ಮಾರ್ಚಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ವಿಸರ್ಜನೆಯ ಬೇಡಿಕೆಯನ್ನು ನಿರಾಕರಿಸಿದರು. ಆರೋಪಿತ ತಪ್ಪುಗಳಿಂದ ನಷ್ಟಕ್ಕೆ ಗುರಿಯಾದವರು ಮುಖ್ಯವಾಗಿ ಸಂಘವೂ ಅದರ ಸದಸ್ಯರೂ ಆಗಿರುವಾಗ, ಸಂಘವನ್ನೇ ಇಲ್ಲವಾಗಿಸುವುದು ಪರಿಹಾರವಲ್ಲವೆಂಬುದು ಆ ತೀರ್ಪಿನ ಇಂಗಿತ. ನಾಲ್ಕು ದಶಕಗಳ ಈ ವಿವಾದದಲ್ಲಿ ಸದಸ್ಯರ ಸ್ಥಾನವೇನೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

2024ರ ಜನವರಿಯಲ್ಲಿ, ವಿಚಾರಣೆ ಆರಂಭವಾಗುವುದಕ್ಕೆ ಕೆಲವೇ ದಿನಗಳ ಮುನ್ನ, ಲಾಪಿಯರ್ ರಾಜೀನಾಮೆ ಘೋಷಿಸಿದರು. ಫೆಬ್ರವರಿ 23ರಂದು ಜ್ಯೂರಿಯು ಅವರಿಂದ ಸಂಘಕ್ಕೆ 54 ಲಕ್ಷ ಡಾಲರ್ ನಷ್ಟವಾಗಿದೆಯೆಂದು ನಿರ್ಣಯಿಸಿತು. ಮೊದಲೇ ಹಿಂತಿರುಗಿಸಿದ್ದುದನ್ನು ಕಳೆದು ಅವರು ಕೊಡಬೇಕಾದುದು ಸುಮಾರು 43 ಲಕ್ಷ. ಆ ಹಣ ಸಲ್ಲಬೇಕಾದುದು ಸಂಘಕ್ಕೆ. ಅದೇ ವರ್ಷದ ನಿರ್ದೇಶಕರ ಚುನಾವಣೆಯಲ್ಲಿ ಸುಧಾರಣೆಯ ಪಕ್ಷದಿಂದ ನಿಂತ ನಾಲ್ವರೂ ಗೆದ್ದರು. ಅವರಲ್ಲೊಬ್ಬರಾದ ಜೆಫ್ ನಾಕ್ಸ್, 1977ರ ಆ ರಾತ್ರಿಯನ್ನು ಯೋಜಿಸಿ 2005ರಲ್ಲಿ ತೀರಿಕೊಂಡ ನೀಲ್ ನಾಕ್ಸ್ ಅವರ ಮಗ.