ಗಾಯಕನ ನೆನಪು, ಸಾಕ್ಷಿಯ ಕಿವಿ

ತುರ್ವಿಹಾಳದ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಶಾಸನವು ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ದೃಢಪಡಿಸಿತು. ಎರಡು ಸಾವಿರಕ್ಕೂ ಮಿಕ್ಕ ವರ್ಷ ಅಕ್ಷರವನ್ನು ಕಾಪಾಡಿದ ಆ ಕಲ್ಲು, ಓದುವವರಿಲ್ಲದ ಕಾಲದಲ್ಲಿ ಮೂಕವಾಗಿಯೇ ಉಳಿದಿತ್ತು. ತುಂಗಭದ್ರೆಯ ಆಚೆ ದಡದ ಕಂಪಿಲಿಯ ಕುಮಾರರಾಮನಾದರೋ, ಸುಮಾರು 1327ರಲ್ಲಿ ತುಘಲಕನ ಸೇನೆಯೆದುರು ಮಡಿದವನು, ಜನರ ಕೊರಳಿನಲ್ಲಿ ಇಂದಿಗೂ ಬದುಕಿದ್ದಾನೆ. ಬರಹವು ಸ್ಥಿರ, ಮಾತು ಚಂಚಲ ಎಂಬ ನಮ್ಮ ಗ್ರಹಿಕೆಯನ್ನು ಈ ನೆಲವೇ ಪ್ರಶ್ನಿಸುತ್ತದೆ.

ಗ್ರೀಕರ ‘ಇಲಿಯಡ್’ 15,000ಕ್ಕೂ ಹೆಚ್ಚು ಸಾಲುಗಳ ಕಾವ್ಯ. ‘ಒಡಿಸ್ಸಿ’ 12,000ಕ್ಕೂ ಹೆಚ್ಚು ಸಾಲುಗಳದ್ದು. ಇಷ್ಟು ದೀರ್ಘವಾದ ಕಾವ್ಯ ಬರಹದ ಆಸರೆಯಿಲ್ಲದೆ ಹೇಗೆ ಬೆಳೆಯಿತು? ಈ ಪ್ರಶ್ನೆಯನ್ನು ಹಿಡಿದು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಾಡುಗಾರರನ್ನು ಧ್ವನಿಮುದ್ರಿಸಿದನು. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ಅಧ್ಯಯನದ ಫಲವನ್ನು ಗ್ರಂಥರೂಪದಲ್ಲಿ ಮುಂದಿಟ್ಟನು. ಹಾಡುಗಾರನು ಸಾಲು ಸಾಲಾಗಿ ಬಾಯಿಪಾಠ ಮಾಡುವುದಿಲ್ಲ; ಛಂದಸ್ಸಿಗೆ ಒಗ್ಗಿದ ಸಿದ್ಧ ನುಡಿಗಟ್ಟುಗಳಿಂದಲೂ ಪರಿಚಿತ ಸನ್ನಿವೇಶಗಳಿಂದಲೂ ಪ್ರತಿ ಸಲ ಹೊಸದಾಗಿ ಕಟ್ಟುತ್ತಾನೆ. ‘ಒಂದಕ್ಷರವೂ ಬದಲಾಗಿಲ್ಲ’ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಧ್ವನಿಮುದ್ರಣ ಬೇರೆಯದನ್ನೇ ತೋರಿಸುತ್ತದೆ.

ಇದಕ್ಕೆ ನಿದರ್ಶನ ನಮ್ಮಲ್ಲೂ ಉಂಟು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ತುಳುನಾಡಿನ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿದ ‘ಸಿರಿ’ ಮಹಾಕಾವ್ಯ 15,683 ಸಾಲುಗಳಷ್ಟಿದೆ. ಗಾತ್ರದಲ್ಲಿ ಅದು ‘ಇಲಿಯಡ್’ಗೆ ಸರಿಸಮ. 2014ರಲ್ಲಿ ಅಗಲಿದ ದರೋಜಿಯ ಬುರ್ರಕಥಾ ಈರಮ್ಮ, ಅಕ್ಷರ ಕಲಿಯದೆಯೇ, ಕುಮಾರರಾಮನ ಕಥೆಯೂ ಸೇರಿದಂತೆ ಹಲವು ಕಾವ್ಯಗಳನ್ನು ಹಾಡುತ್ತಿದ್ದರು.

ಕುಮಾರರಾಮನ ಕಥೆ ಪವಿತ್ರ ಗ್ರಂಥದ ವಿದ್ಯಾರ್ಥಿಗೆ ವಿಶೇಷ ಪಾಠವೊಂದನ್ನು ಕಲಿಸುತ್ತದೆ. ಬಂಡೆದ್ದ ಗುರ್ಶಾಸ್ಪನಿಗೆ ಕಂಪಿಲಿಯ ಅರಸನು ಆಶ್ರಯ ಕೊಟ್ಟುದನ್ನೂ ರಾಜ್ಯವು ಅಳಿದುದನ್ನೂ ಇಬ್ನ್ ಬತೂತ ಬರೆದಿದ್ದಾನೆ. ಆಶ್ರಯ, ಮುತ್ತಿಗೆ, ಪತನ ಎಂಬ ಈ ತಿರುಳನ್ನು ಕಥೆಯೂ ಬಿಟ್ಟುಕೊಟ್ಟಿಲ್ಲ. ಆದರೆ ಮಲತಾಯಿ ರತ್ನಾಜಿಯ ಮೋಹ, ಸುಳ್ಳು ಆರೋಪ, ಮಂತ್ರಿ ಬೈಚಪ್ಪನು ರಾಮನನ್ನು ಬಚ್ಚಿಟ್ಟು ಉಳಿಸುವುದು ಅದರ ಸುತ್ತ ಹೆಣೆದುಕೊಂಡಿವೆ. ಆದಿಕಾಂಡ 39ರಲ್ಲಿ ಯೋಸೇಫನ ಮೇಲೆ ಬಂದ ಆರೋಪವನ್ನು ಬಲ್ಲವರಿಗೆ ಈ ಮಾದರಿ ಅಪರಿಚಿತವಲ್ಲ.

ಹಾಗಾದರೆ ಶುಭಸಂದೇಶಗಳ ಗತಿಯೇನು? ಅವೂ ಬರಹಕ್ಕೆ ಮುನ್ನ ಬಾಯಿಮಾತಾಗಿದ್ದವಲ್ಲವೇ? ಈ ಶಂಕೆಯನ್ನು ಗದರಿಸಿ ಅಡಗಿಸುವುದು ತರವಲ್ಲ. ಉತ್ತರದ ಸುಳಿವು ‘ಒಡಿಸ್ಸಿ’ಯ ಎಂಟನೆಯ ಸರ್ಗದಲ್ಲೇ ಇದೆ. ಅಂಧ ಗಾಯಕ ದೆಮೊದೊಕಸನು ಟ್ರಾಯ್ ಯುದ್ಧವನ್ನು ಹಾಡುವಾಗ, ಆ ಯುದ್ಧದಲ್ಲಿ ಹೋರಾಡಿದ ಒಡಿಸ್ಯೂಸನೇ ಅಜ್ಞಾತನಾಗಿ ಸಭೆಯಲ್ಲಿ ಕುಳಿತಿರುತ್ತಾನೆ. ಗಾಯಕನು ತಾನೇ ಕಂಡವನಂತೆ, ಇಲ್ಲವೇ ಕಂಡವರಿಂದ ಕೇಳಿದವನಂತೆ ಹಾಡಿದನೆಂದು ಮೆಚ್ಚುತ್ತಾನೆ. ಅಲ್ಲಿ ಹಾಡಿಗೆ ಒರೆಗಲ್ಲಾದುದು ಸಾಕ್ಷಿಯ ಕಿವಿ. ಕವಿ ಕಲ್ಪಿಸಿದ ಆ ಸನ್ನಿವೇಶ ಆದಿ ಧರ್ಮಸಭೆಯಲ್ಲಿ ವಾಸ್ತವವಾಗಿತ್ತು. ಯೇಸುವಿನ ಮರಣದ ಬಳಿಕ ಕಾಲು ಶತಮಾನದೊಳಗೇ ಸಂತ ಪೌಲನು, ತಾನು ಪಡೆದುದನ್ನೇ ಒಪ್ಪಿಸಿದೆನೆಂದು ಬರೆದು, ಇನ್ನೂ ಬದುಕಿರುವ ಸಾಕ್ಷಿಗಳತ್ತ ಕೈತೋರುತ್ತಾನೆ (1 ಕೊರಿಂಥ 15:3-6). ಸಂತ ಲೂಕನೂ ಕಣ್ಣಾರೆ ಕಂಡವರನ್ನೇ ಆಧರಿಸುತ್ತಾನೆ (ಲೂಕ 1:2). ಶುಭಸಂದೇಶಕಾರರು ಆಯ್ದರು, ಸಂಗ್ರಹಿಸಿದರು, ಸಭೆಗಳ ಸ್ಥಿತಿಗನುಗುಣವಾಗಿ ವಿವರಿಸಿದರು, ಆದರೆ ಸತ್ಯವನ್ನೇ ತಿಳಿಸಿದರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ‘ದೇಯಿ ವೆರ್ಬುಮ್’ನಲ್ಲಿ (19) ಬೋಧಿಸಿದೆ. ಪದಗಳು ಬದಲಾದ ಮಾತ್ರಕ್ಕೆ ಸಾಕ್ಷ್ಯ ಸುಳ್ಳಾಗದು; ಸಾಕ್ಷಿಯೊಡನೆ ನಂಟು ಕಡಿದಾಗಲೇ ಅದು ಸೊರಗುತ್ತದೆ.

ಪ್ರಬೋಧಕರಾದ ನಮಗೆ ಇದೊಂದು ಎಚ್ಚರಿಕೆ. ಕಥೆ ಬಲ್ಲ ಊರಿನಲ್ಲಿ ಹಾಡುಗಾರನು ತಿರುಳನ್ನು ತಪ್ಪಿಸಿದರೆ ಕೇಳುಗರೇ ತಡೆಯುತ್ತಾರೆ. ನಮ್ಮ ಪೀಠದ ಮುಂದೆ ಕುಳಿತವರಿಗೆ ಹಾಗೆ ತಡೆಯುವಷ್ಟು ವಾಕ್ಯಪರಿಚಯ ಉಂಟೇ? ಓದು ಬಾರದ ಹಿರಿಯರೂ ಶುಭಸಂದೇಶವನ್ನು ಕೇಳಿ, ನೆನಪಿಟ್ಟು, ತಮ್ಮ ಮಾತಿನಲ್ಲಿ ಮರಳಿ ಹೇಳುವಂತೆ ಮಾಡುವುದು ನಮ್ಮ ಹೊಣೆ. ಪ್ರೇಷಿತರಿಂದ ಪಡೆದುದನ್ನು ಪೂರ್ಣವಾಗಿ ಒಪ್ಪಿಸಿದ್ದೇವೆಯೋ ಇಲ್ಲವೋ ಎಂಬುದನ್ನು ಅಂಥ ಕಿವಿಗಳೇ ಹೇಳಬಲ್ಲವು.