ರಕ್ತ ಕಾಣದ ಪೆಟ್ಟು: ಮಲೆನಾಡಿನ ಆಟದ ಕಣ ಮತ್ತು ತಲೆಪೆಟ್ಟಿನ ಚೇತರಿಕೆಯ ಪರೀಕ್ಷೆ

ಜನಪದ ಬದುಕಿನಲ್ಲಿ ಆಟವೆಂಬುದು ದುಡಿಮೆಯ ನಡುವಣ ಬಿಡುವು ಮಾತ್ರವಲ್ಲ. ದುಡಿಮೆಯೊಂದಿಗೆ ಹೆಣೆದುಕೊಂಡಿರುವ ಸಂಗತಿಯೂ ಹೌದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯೇ ಕಬಡ್ಡಿಯ ಅಂಕಣವಾಗುವುದುಂಟು. ಹಗಲು ತೋಟದಲ್ಲಿ ದುಡಿದ ತರುಣನೇ ರಾತ್ರಿ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ದಾಳಿಗಿಳಿಯುತ್ತಾನೆ. ಎದುರಾಳಿಯ ಮಂಡಿ ತಲೆಗೆ ತಾಗಿ ಆತ ಕುಸಿದರೆ ಮುಖಕ್ಕೆ ನೀರು ಚಿಮುಕಿಸುವುದು, 'ಏನೂ ಆಗಿಲ್ಲ' ಎಂದು ಬೆನ್ನು ತಟ್ಟಿ ಮತ್ತೆ ಅಂಕಣಕ್ಕೆ ಬಿಡುವುದು ಹಳೆಯ ರೂಢಿ. ಈ ತೀರ್ಪನ್ನು ಯಾವ ಆಧಾರದ ಮೇಲೆ ಕೊಡಲಾಗುತ್ತದೆ? ತಲೆಗೆ ಪೆಟ್ಟು ಬಿದ್ದವನು ಚೇತರಿಸಿಕೊಂಡಿದ್ದಾನೆಂದು ತಿಳಿಯುವ ಬಗೆ ಯಾವುದು? ಪ್ರಸ್ತುತ ಪ್ರಬಂಧವು ಈ ಪ್ರಶ್ನೆಗಳನ್ನು ಚರಿತ್ರೆ ಹಾಗೂ ಜನಪದದ ನೆಲೆಯಿಂದ ಪರಿಶೀಲಿಸುತ್ತದೆ.

ಕಾಣುವ ಪೆಟ್ಟಿನ ಪರಂಪರೆ

ಕರ್ನಾಟಕದಲ್ಲಿ ಮಲ್ಲವಿದ್ಯೆಯ ಚರಿತ್ರೆ ದೀರ್ಘವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಪ್ರತ್ಯೇಕ ಭಾಗವಿದ್ದು, ಮಲ್ಲರ ವರ್ಗೀಕರಣ, ಆಹಾರ, ಅಭ್ಯಾಸಗಳ ವಿವರ ದೊರೆಯುತ್ತದೆ. ತಲೆಪೆಟ್ಟಿನ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ಮೈಸೂರು ಅರಮನೆಯ ಸವಾರಿ ತೊಟ್ಟಿಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಯಾಯುಧ ಹಿಡಿದು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ರಕ್ತವೇ ಇಲ್ಲಿ ಸಾಕ್ಷಿ, ರಕ್ತವೇ ತೀರ್ಪು. ಪೆಟ್ಟು ಕಾಣಿಸಿಕೊಂಡ ಕ್ಷಣವೇ ಆಟ ನಿಲ್ಲಿಸಬೇಕೆಂಬ ವಿವೇಕ ಈ ಕಟ್ಟಳೆಯಲ್ಲಿದೆ. ಆದರೆ ಕಾಣದ ಪೆಟ್ಟಿಗೆ ಅದರಲ್ಲಿ ಸ್ಥಾನವಿಲ್ಲ.

ಕಾಣದ ಪೆಟ್ಟನ್ನು ವೈದ್ಯ ಪರಂಪರೆ ಬಲ್ಲದಾಗಿತ್ತು. ಚರಕ ಸಂಹಿತೆಯ ಸಿದ್ಧಿಸ್ಥಾನವು ಹೃದಯ, ಬಸ್ತಿಗಳೊಡನೆ ಶಿರಸ್ಸನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದಾಗಿ ಗಣಿಸಿದೆ. ತಲೆಗೆ ಅಭಿಘಾತವಾದಾಗ ಕತ್ತು ಬಿಗಿಯುವುದು, ದೃಷ್ಟಿ ವಿಭ್ರಮಗೊಳ್ಳುವುದು, ಮೋಹ ಕವಿಯುವುದು, ಮಾತು ತೊದಲುವುದು ಮೊದಲಾದ ಲಕ್ಷಣಗಳನ್ನು ಅದು ಪಟ್ಟಿಮಾಡುತ್ತದೆ. ಗಾಯವನ್ನಲ್ಲದೆ ಗಾಯಗೊಂಡವನ ನಡವಳಿಕೆಯನ್ನು ಓದುವ ಕ್ರಮ ಇದು.

ಆಧುನಿಕ ಪರೀಕ್ಷೆಯ ಬೆಳವಣಿಗೆ

ಪಾಶ್ಚಾತ್ಯ ಕ್ರೀಡಾಲೋಕವೂ ಈ ಅರಿವಿಗೆ ಬಂದದ್ದು ತಡವಾಗಿಯೇ. ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ ೧೯೨೮ರಲ್ಲಿ ಮುಷ್ಟಿಕಾಳಗದವರಲ್ಲಿ ಮರುಕಳಿಸುವ ಪೆಟ್ಟುಗಳಿಂದ ಉಂಟಾಗುವ ತಡವರಿಕೆ, ಮಂಕುತನಗಳನ್ನು ವಿವರಿಸಿದನು. ೧೯೭೪ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೊ ಮಾಪಕವು ಪ್ರಜ್ಞೆಯ ಆಳವನ್ನು ಅಂಕಗಳಲ್ಲಿ ಅಳೆಯಿತು. ಆದರೆ ಅದರ ೧೫ ಅಂಕಗಳನ್ನೂ ಪಡೆದ ಆಟಗಾರನಿಗೆ ಕನ್ಕಷನ್, ಅಂದರೆ ಮಿದುಳು ಅಲುಗಿದ ಪೆಟ್ಟು, ಆಗಿರಬಹುದು. ಸಾಮಾನ್ಯ ಸ್ಕ್ಯಾನ್ ಚಿತ್ರದಲ್ಲಿಯೂ ಅದು ಕಾಣಿಸದು. ಈ ಕೊರತೆಯನ್ನು ತುಂಬಲು ೨೦೦೧ರಲ್ಲಿ ವಿಯೆನ್ನಾದಲ್ಲಿ ತಜ್ಞರ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ೨೦೦೪ರಲ್ಲಿ ಪ್ರಾಗ್ ಸಮಾವೇಶದಿಂದ 'ಸ್ಕ್ಯಾಟ್' ಎಂಬ ಪರೀಕ್ಷಾಪತ್ರ ಹುಟ್ಟಿತು. ೨೦೨೨ರ ಆಮ್‌ಸ್ಟರ್‌ಡಾಮ್ ಸಮಾವೇಶದ ಬಳಿಕ ೨೦೨೩ರಲ್ಲಿ ಅದರ 'ಸ್ಕ್ಯಾಟ್ ೬' ಎಂಬ ರೂಪ ಪ್ರಕಟವಾಯಿತು.

ಈ ಬದಲಾವಣೆಯನ್ನು ಭಾರತೀಯ ಕ್ರಿಕೆಟ್ಟಿನ ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. ೧೯೬೨ರಲ್ಲಿ ಬಾರ್ಬಡೋಸ್‌ನಲ್ಲಿ ಗ್ರಿಫಿತ್ ಎಸೆತಕ್ಕೆ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಬುರುಡೆ ಬಿರಿಯಿತು. ಅವರು ಮತ್ತೆ ಟೆಸ್ಟ್ ಆಡಲಿಲ್ಲ. ಆ ಪೆಟ್ಟು ಎಲ್ಲರ ಕಣ್ಣಿಗೂ ಕಂಡಿತ್ತು. ೨೦೨೧ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್‌ನ ಅಭ್ಯಾಸದಲ್ಲಿ ಕರ್ನಾಟಕದ ಮಯಂಕ್ ಅಗರ್‌ವಾಲ್ ಅವರ ಹೆಲ್ಮೆಟ್ಟಿಗೆ ಸಿರಾಜ್ ಎಸೆದ ಚೆಂಡು ಬಡಿಯಿತು. ಪರೀಕ್ಷೆಯಲ್ಲಿ ಕನ್ಕಷನ್ ಲಕ್ಷಣಗಳು ಕಂಡುಬಂದ ಕಾರಣ ಅವರನ್ನು ಮೊದಲ ಟೆಸ್ಟಿನಿಂದ ಹೊರಗಿರಿಸಲಾಯಿತು. ಆರಂಭಿಕನಾಗಿ ಇಳಿದ ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ೮೪ ಓಟ ಗಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿ ಟೆಸ್ಟಿನಲ್ಲಿ ಮಯಂಕ್ ೧೫೦ ಓಟ ಗಳಿಸಿದರು. ಹೊರಗಿರಿಸುವುದು ಆಟಗಾರನ ಅಂತ್ಯವಲ್ಲ, ಅವನ ಉಳಿವಿನ ಉಪಾಯ ಎಂಬುದಕ್ಕೆ ಇದು ನಿದರ್ಶನ.

ಪರೀಕ್ಷಾಪತ್ರ ಮತ್ತು ಆಡುನುಡಿ

ಸ್ಕ್ಯಾಟ್ ಪತ್ರದಲ್ಲಿ ೨೨ ಲಕ್ಷಣಗಳಿದ್ದು, ಪ್ರತಿಯೊಂದರ ತೀವ್ರತೆಯನ್ನು ಸೊನ್ನೆಯಿಂದ ಆರರವರೆಗೆ ಆಟಗಾರನೇ ಹೇಳಬೇಕು. ಆದುದರಿಂದ ಇಡೀ ಪರೀಕ್ಷೆ ಭಾಷೆಯ ಮೇಲೆ ನಿಂತಿದೆ. 'ಮಂಜಿನೊಳಗಿದ್ದಂತೆ' ಎಂಬ ಲಕ್ಷಣಕ್ಕೆ ಕನ್ನಡದ ಆಡುಮಾತಿನಲ್ಲಿ 'ಮಂಕು ಕವಿದಿದೆ' ಎಂಬ ಸಿದ್ಧರೂಪವಿದೆ. ಬವಳಿ ಬಂತು, ಕಣ್ಣು ಕತ್ತಲಿಟ್ಟಿತು, ತಲೆ ಜುಂ ಎನ್ನುತ್ತದೆ, ದಿಕ್ಕು ತಪ್ಪಿತು, ಮೈ ಜಡವಾಗಿದೆ, 'ಯಾಕೋ ಸರಿಯಿಲ್ಲ' ಎಂಬೀ ನುಡಿಗಟ್ಟುಗಳು ಒಂದೊಂದೂ ಪ್ರತ್ಯೇಕ ಅನುಭವವನ್ನು ಸೂಚಿಸುತ್ತವೆ. ಪುಸ್ತಕದ ಪದಗಳಲ್ಲಿ ಕೇಳಿದಾಗ 'ಇಲ್ಲ' ಎನ್ನುವ ಹುಡುಗ ಈ ಮಾತುಗಳಲ್ಲಿ ಕೇಳಿದಾಗ ಒಪ್ಪಿಕೊಳ್ಳಬಹುದು.

ಇದೇ ಪತ್ರದಲ್ಲಿ ಹತ್ತು ಪದಗಳನ್ನು ನೆನಪಿಟ್ಟು ಹೇಳುವ, ತಿಂಗಳುಗಳನ್ನು ಹಿಂದುಮುಂದಾಗಿ ಎಣಿಸುವ, ಒಂಟಿಕಾಲಲ್ಲಿ ನಿಲ್ಲುವ ಪರೀಕ್ಷೆಗಳಿವೆ. ಜನವರಿ, ಫೆಬ್ರವರಿಗಳ ಲೆಕ್ಕ ಶಾಲೆಯಿಂದ ಬಂದುದು. ಬೇಸಾಯಗಾರನ ನಾಲಗೆಯ ಮೇಲಿರುವುದು ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಮಳೆ ನಕ್ಷತ್ರಗಳ ಸರಣಿ. ಅದನ್ನು ಹಿಂದಿನಿಂದ ಹೇಳಿಸುವುದೂ ಗಮನಶಕ್ತಿಯ ಪರೀಕ್ಷೆಯಾಗಬಲ್ಲದು. ಆದರೆ ಪೆಟ್ಟಿಲ್ಲದವರು ಅದನ್ನು ಹೇಗೆ ಹೇಳುತ್ತಾರೆಂದು ಮೊದಲು ಅಳೆದ ಮೇಲೆಯೇ ಅಂತಹ ಬದಲಿಗೆ ಶಾಸ್ತ್ರೀಯ ಬೆಲೆ ಬರುತ್ತದೆ. ಎಲ್ಲಿ ಆಡುತ್ತಿದ್ದೇವೆ, ಕೊನೆಯ ಅಂಕ ಯಾರದು, ಹಿಂದಿನ ಪಂದ್ಯದಲ್ಲಿ ಗೆದ್ದೆವೆ ಎಂಬ ಬಗೆಯ ಪ್ರಶ್ನೆಗಳನ್ನು ಮ್ಯಾಡಕ್ಸ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದರು. ಅವು ಯಾವ ಹಳ್ಳಿಯ ಅಂಕಣಕ್ಕೂ ಹೊಂದುತ್ತವೆ.

ಅಂಕಣಕ್ಕೆ ಮರಳುವುದು, ಮರಕ್ಕೆ ಮರಳುವುದು

ಇಂದಿನ ಸಮ್ಮತ ಕ್ರಮದಂತೆ ಪೆಟ್ಟು ಬಿದ್ದ ದಿನ ಆಟಗಾರ ಮತ್ತೆ ಆಡಬಾರದು. ಮೊದಲ ೨೪ರಿಂದ ೪೮ ಗಂಟೆ ಹಗುರ ವಿಶ್ರಾಂತಿ. ಅನಂತರ ಆರು ಹಂತಗಳಲ್ಲಿ, ಒಂದೊಂದಕ್ಕೆ ಕನಿಷ್ಠ ಒಂದು ದಿನದಂತೆ, ನಡಿಗೆಯಿಂದ ಪೂರ್ಣ ಆಟದವರೆಗೆ ಏರಬೇಕು. ಮಿದುಳು ಮಾಗುವ ಮುನ್ನವೇ ಬೀಳುವ ಎರಡನೆಯ ಪೆಟ್ಟು, ಅದರಲ್ಲೂ ಎಳೆಯರಲ್ಲಿ, ಪ್ರಾಣಾಂತಿಕವಾಗಬಹುದೆಂಬುದೇ ಇದಕ್ಕೆ ಮುಖ್ಯ ಕಾರಣ. 'ಪೆಟ್ಟು ಬಿದ್ದವನನ್ನು ಮಲಗಗೊಡಬಾರದು' ಎಂಬ ನಂಬಿಕೆಯಲ್ಲಿ ಕಣ್ಗಾವಲಿನ ವಿವೇಕವಿದೆ. ಆದರೆ ನಿದ್ರೆಯೇ ಕೇಡಲ್ಲ. ಮತ್ತೆ ಮತ್ತೆ ವಾಂತಿ, ಏರುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕೈಕಾಲಿನ ಸೋಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು ೬೦ ಕಿಲೋಮೀಟರ್, ಸಾಗರದಿಂದ ಸುಮಾರು ೭೦. ಮಣಿಪಾಲಕ್ಕೆ ಹೋಗುವವರು ಘಟ್ಟ ಇಳಿಯಬೇಕು. ಹೀಗಿರುವಾಗ ಮೊದಲ ತೀರ್ಪು ಅಂಕಣದ ಬದಿಯಲ್ಲಿಯೇ ಸರಿಯಾಗಿ ಬೀಳಬೇಕಾಗುತ್ತದೆ.

ಅಂತರರಾಷ್ಟ್ರೀಯ ಕ್ರಮ ಆಟಕ್ಕೆ ಮರಳುವುದನ್ನೂ ಶಾಲೆಗೆ ಮರಳುವುದನ್ನೂ ಹಂತಹಂತವಾಗಿ ವಿವರಿಸುತ್ತದೆ. ಮಲೆನಾಡಿನ ಆಟಗಾರ ಮರಳಬೇಕಾದ ಮೂರನೆಯ ತಾಣ ಅಡಿಕೆ ಮರ. ಕೊನೆಗಾರನು ಕಾಲಿಗೆ ತಳೆ ಹಾಕಿಕೊಂಡು ಮರವೇರುತ್ತಾನೆ; ಇಳಿಯದೆಯೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ಹಾಯುತ್ತಾನೆ. ನೆಲದ ಮೇಲೆ ಒಂಟಿಕಾಲಲ್ಲಿ ತುಸು ತಡವರಿಸುವವನು ಪತ್ರದಲ್ಲಿ ಕೆಲವು ಅಂಕ ಕಳೆದುಕೊಂಡಾನು; ಮರದ ತುದಿಯಲ್ಲಿ ಅದೇ ತಡವರಿಕೆಗೆ ಪ್ರಾಣವೇ ಬೆಲೆ. ಕೊಯ್ಲಿನ ದಿನಗಳಲ್ಲಿ ಒಂದು ವಾರದ ಕೂಲಿ ಬಿಡುವುದು ಬಡ ಕುಟುಂಬಕ್ಕೆ ಸುಲಭವಲ್ಲ. ಹಾಗಾಗಿ ಚೇತರಿಕೆಯ ಪ್ರಶ್ನೆ ಇಲ್ಲಿ ವೈದ್ಯಕೀಯವಾದಷ್ಟೇ ಸಾಮಾಜಿಕವೂ ಆಗಿದೆ.

ಒಟ್ಟಾರೆ ನೋಡಿದಾಗ, ಆಧುನಿಕ ಪರೀಕ್ಷೆಯು ಪೆಟ್ಟಿಗೆ ಮುನ್ನ ಆಟಗಾರ ಹೇಗಿದ್ದನೆಂಬ ಅಳತೆಯನ್ನು ಬರೆದಿಟ್ಟುಕೊಳ್ಳಲು ಬಯಸುತ್ತದೆ. ಊರಿನ ಕಣದಲ್ಲಿ ಆ ಅಳತೆ ಕಾಗದದಲ್ಲಿಲ್ಲ, ಒಡನಾಡಿಗಳ ನೆನಪಿನಲ್ಲಿದೆ. 'ಇವನು ಎಂದಿನಂತಿಲ್ಲ' ಎಂದು ಮೊದಲು ಗುರುತಿಸಬಲ್ಲವರು ಅವರೇ. ಆ ಮಾತು ಹೊರಟಾಗ ಆಟ ನಿಲ್ಲಬೇಕು. ವಜ್ರಮುಷ್ಟಿಯ ಕಣದಲ್ಲಿ ರಕ್ತಕ್ಕಿದ್ದ ಅಧಿಕಾರ ಕಬಡ್ಡಿಯ ಅಂಕಣದಲ್ಲಿ ಈ ಮಾತಿಗೆ ದೊರೆಯಬೇಕಾಗಿದೆ.